ಚಾರ್ಜ್‌ಶೀಟ್‌ನಲ್ಲಿ ಹೆಸರಿಲ್ಲದವರೂ ಆರೋಪಿ ಆಗಬಹುದಾ? ಕಲಂ 358 ಹೇಳುವುದೇನು

ವಿಜಯಪುರ: ಹೊಲದ ಬದುವಿನ ಜಗಳ. ದೂರಿನಲ್ಲಿ ಐದು ಹೆಸರು. ಪೊಲೀಸರು ಕೋರ್ಟಿಗೆ ಕೊಟ್ಟ ದೋಷಾರೋಪ ಪಟ್ಟಿಯಲ್ಲಿ ಮೂರೇ ಹೆಸರು. "ಇನ್ನಿಬ್ಬರು ಪಾರಾದ್ರು ಬಿಡ್ರಿ" ಎಂಬ ಮಾತು ಭೂತನಾಳವಾಗಲಿ, ತಿಕೋಟಾ, ಬಬಲೇಶ್ವರವಾಗಲಿ, ಯಾವ ಊರಿನ ಚಹಾದಂಗಡಿಯಲ್ಲೂ ಕೇಳಬರುವಂಥದ್ದು. ಆದರೆ ಕಾನೂನಿನ ಪ್ರಕಾರ ಲೆಕ್ಕ ಅಲ್ಲಿಗೇ ಮುಗಿಯೋದಿಲ್ಲ. ವಿಚಾರಣೆ ನಡೆಯುತ್ತಿರುವಾಗಲೇ ಹೊಸಬರನ್ನು ಆರೋಪಿಯಾಗಿ ಕರೆಸುವ ಅಧಿಕಾರ ಕ್ರಿಮಿನಲ್ ಕೋರ್ಟಿಗೆ ಇದೆ.

ಏನಿದು ಕಲಂ?

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 358 ಈ ಅಧಿಕಾರ ಕೊಡುತ್ತದೆ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಇದೇ ಅಧಿಕಾರ 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 319ರಲ್ಲಿತ್ತು. ಜುಲೈ 1ಕ್ಕೆ ಮೊದಲೇ ವಿಚಾರಣೆ ಶುರುವಾಗಿದ್ದ ಕೇಸುಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯುತ್ತವೆ. ಹಾಗಾಗಿ ವಕೀಲರ ಬಾಯಲ್ಲಿ ಎರಡೂ ನಂಬರ್ ಕೇಳಿಬರುತ್ತವೆ.

ಬ್ರಿಟಿಷರ ಕಾಲದ 1898ರ ಸಂಹಿತೆಯಲ್ಲಿ ಕೋರ್ಟಿಗೆ ಹಾಜರಿದ್ದವರನ್ನು ಮಾತ್ರ ಹೀಗೆ ಹಿಡಿಯಬಹುದಿತ್ತು. ಈಗ ಮನೆಯಲ್ಲಿದ್ದವರಿಗೂ ಸಮನ್ಸ್ ಕಳಿಸಬಹುದು, ಅಗತ್ಯ ಬಿದ್ದರೆ ಬಂಧನಕ್ಕೂ ಆದೇಶಿಸಬಹುದು.

ಯಾರನ್ನು ಸೇರಿಸಬಹುದು?

ಹರ್ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2014ರ ಜನವರಿಯಲ್ಲಿ ಇದನ್ನು ಬಿಡಿಸಿ ಹೇಳಿದೆ.

ಒಂದು, ಎಫ್‌ಐಆರ್‌ನಲ್ಲಿ ಹೆಸರಿದ್ದು ಚಾರ್ಜ್‌ಶೀಟ್‌ನಲ್ಲಿ ಕೈಬಿಟ್ಟವರು.
ಎರಡು, ಎಫ್‌ಐಆರ್‌ನಲ್ಲೇ ಹೆಸರಿಲ್ಲದವರು.
ಮೂರು, ಕೋರ್ಟು ಮೊದಲೇ ಕೇಸಿನಿಂದ ಬಿಡುಗಡೆ ಮಾಡಿದವರು. ಆದರೆ ಇವರ ವಿಷಯದಲ್ಲಿ ನೇರವಾಗಿ ಸಮನ್ಸ್ ಇಲ್ಲ, ಬೇರೆ ಕಲಮುಗಳ ಪ್ರಕಾರ ಮೊದಲು ವಿಚಾರಿಸಬೇಕು.

ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಬಹುದು. ದೂರುದಾರರು ಸಾಮಾನ್ಯವಾಗಿ ಅವರ ಮೂಲಕವೇ ಹೋಗುತ್ತಾರೆ. ಯಾರೂ ಕೇಳದಿದ್ದರೂ ನ್ಯಾಯಾಧೀಶರೇ ಸ್ವತಃ ಕ್ರಮ ತೆಗೆದುಕೊಳ್ಳಬಹುದು.

ಎಷ್ಟು ಸಾಕ್ಷ್ಯ ಬೇಕು?

ಇಲ್ಲೇ ಬಹಳ ಜನ ಎಡವೋದು. ಪೊಲೀಸರು ಬರೆದುಕೊಂಡ ಹೇಳಿಕೆ ಒಂದೇ ಸಾಲದು, ಕೋರ್ಟಿನ ಮುಂದೆ ಬಂದ ಸಾಕ್ಷ್ಯ ಬೇಕು. ಸಾಕ್ಷಿಯ ಮುಖ್ಯ ವಿಚಾರಣೆ ಆದರೂ ಸಾಕು, ಪಾಟಿ ಸವಾಲು ಮುಗಿಯಲೇಬೇಕು ಅಂತಿಲ್ಲ. ಆದರೆ ಆ ಸಾಕ್ಷ್ಯ, ದೋಷಾರೋಪ ಹೊರಿಸುವಾಗ ನೋಡುವ ಮೇಲ್ನೋಟದ ಆಧಾರಕ್ಕಿಂತ ಗಟ್ಟಿಯಾಗಿರಬೇಕು. ಅನುಮಾನದ ಮೇಲೆ, ಹಗೆತನದ ಮೇಲೆ ಯಾರನ್ನೂ ಎಳೆಯುವಂತಿಲ್ಲ.

2017ರ ಬ್ರಿಜೇಂದ್ರ ಸಿಂಗ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಘಟನೆ ನಡೆದಾಗ ಆ ವ್ಯಕ್ತಿಗಳು ಬೇರೆ ಊರಲ್ಲಿದ್ದರು ಎಂದು ತನಿಖೆಯಲ್ಲಿ ಕಂಡುಬಂದಿತ್ತು. ದೂರಿನಲ್ಲಿದ್ದ ಮಾತನ್ನೇ ಸಾಕ್ಷಿ ಕಟಕಟೆಯಲ್ಲಿ ಮತ್ತೊಮ್ಮೆ ಹೇಳಿದ ಮಾತ್ರಕ್ಕೆ ಸಮನ್ಸ್ ಕೊಟ್ಟದ್ದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ರಾಜ್ಯದಿಂದ ಹೋದ ಕೃಷ್ಣಪ್ಪ ಪ್ರಕರಣದಲ್ಲೂ (2004), ಇದು ಅಸಾಧಾರಣ ಅಧಿಕಾರ, ಬಹಳ ಅಪರೂಪಕ್ಕೆ ಬಳಸಬೇಕು ಎಂದು ಅದೇ ಕೋರ್ಟು ಹೇಳಿತ್ತು.

ಯಾವಾಗಿನವರೆಗೆ ಅವಕಾಶ?

2022ರ ಡಿಸೆಂಬರ್‌ನಲ್ಲಿ ಸುಖಪಾಲ್ ಸಿಂಗ್ ಖೈರಾ ಪ್ರಕರಣದಲ್ಲಿ ಮತ್ತೊಂದು ಸಂವಿಧಾನ ಪೀಠ ಇದಕ್ಕೆ ಗೆರೆ ಹಾಕಿದೆ. ಆರೋಪಿಗಳು ತಪ್ಪಿತಸ್ಥರು ಎಂದಾದರೆ ಶಿಕ್ಷೆ ಪ್ರಕಟಿಸುವ ಮೊದಲು, ಖುಲಾಸೆ ಆಗುವುದಾದರೆ ಖುಲಾಸೆ ಆದೇಶಕ್ಕೆ ಮೊದಲು ಹೊಸಬರನ್ನು ಕರೆಸಬೇಕು. ಆಮೇಲೆ ಹೊರಡಿಸಿದ ಸಮನ್ಸ್ ನಿಲ್ಲೋದಿಲ್ಲ. ಹೊಸ ಆರೋಪಿಯನ್ನು ಜೊತೆಗೇ ವಿಚಾರಿಸಬೇಕೋ ಬೇರೆಯಾಗಿಯೋ ಎಂಬುದನ್ನು ಕೋರ್ಟೇ ತೀರ್ಮಾನಿಸುತ್ತದೆ. ಹೇಗೇ ಆದರೂ ಅವರ ಮಟ್ಟಿಗೆ ವಿಚಾರಣೆ ಹೊಸದಾಗಿ ಆಗಬೇಕು, ಸಾಕ್ಷಿಗಳನ್ನು ಮತ್ತೆ ಕೇಳಬೇಕು. ಅಂದರೆ ಕೇಸು ಇನ್ನಷ್ಟು ಉದ್ದ ಆಗುತ್ತದೆ ಎಂಬುದು ದೂರುದಾರರಿಗೂ ಗೊತ್ತಿರಲಿ.

ಇದು ಪೊಲೀಸರ ಹೆಚ್ಚುವರಿ ಚಾರ್ಜ್‌ಶೀಟ್ ಅಲ್ಲ

ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಧಾರವಾಡದ ಯೋಗೀಶಗೌಡ ಕೊಲೆ ಪ್ರಕರಣ ನೆನಪಿರಬಹುದು. 2016ರಲ್ಲಿ ನಡೆದ ಕೊಲೆಯ ತನಿಖೆ 2019ರಲ್ಲಿ ಸಿಬಿಐಗೆ ಹೋಯಿತು, ಆಮೇಲೆ ಹೊಸ ಆರೋಪಿಗಳು ಸೇರಿದರು. ಅದು ತನಿಖಾ ಸಂಸ್ಥೆ ಮತ್ತೆ ತನಿಖೆ ಮಾಡಿ ಹೆಸರು ಸೇರಿಸುವ ದಾರಿ. ಕಲಂ 358ರಲ್ಲಿ ಹೆಸರು ಸೇರಿಸುವುದು ಕೋರ್ಟು, ತನ್ನ ಮುಂದೆ ಬಂದ ಸಾಕ್ಷ್ಯ ನೋಡಿ.

ಅಂಗಡಿಕಾರರು ಗಮನಿಸಿ: ಚೆಕ್ ಬೌನ್ಸ್

ಕಂಪನಿಯ ಚೆಕ್ ಬೌನ್ಸ್ ಆದಾಗ ಸಹಿ ಹಾಕಿದವರ ಮೇಲಷ್ಟೇ ಕೇಸು ಹಾಕಿ, ಕಂಪನಿಯನ್ನು ಆಮೇಲೆ ಈ ಕಲಮಿನಡಿ ಸೇರಿಸಿದರಾಯ್ತು ಅಂದುಕೊಂಡರೆ ಕೇಸು ಕೈತಪ್ಪಬಹುದು. 2017ರ ಎನ್. ಹರಿಹರ ಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಮೊದಲ ನೋಟಿಸಿನಲ್ಲೇ ಕಂಪನಿ ಮತ್ತು ಹೊಣೆಗಾರರು ಎಲ್ಲರ ಹೆಸರೂ ಇರಲಿ.

ಸಾಕ್ಷಿ ಹೇಳಿದರೆ ನಮ್ಮನ್ನೇ ಹಿಡೀತಾರಾ?

ಈ ಹೆದರಿಕೆಯಿಂದಲೇ ಹಲವರು ಕೋರ್ಟಿನ ಮೆಟ್ಟಿಲು ಹತ್ತೋದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 137 ಇಲ್ಲಿ ರಕ್ಷಣೆ ಕೊಡುತ್ತದೆ. ಸಾಕ್ಷಿ ಒತ್ತಾಯಕ್ಕೊಳಗಾಗಿ ಕೊಟ್ಟ ಉತ್ತರವನ್ನು ಅವರ ವಿರುದ್ಧವೇ ಬಳಸಿ ಕೇಸು ಹಾಕುವಂತಿಲ್ಲ. ಸುಳ್ಳು ಸಾಕ್ಷ್ಯ ಹೇಳಿದರೆ ಮಾತ್ರ ಆ ರಕ್ಷಣೆ ಇಲ್ಲ. ಬೇರೆಯವರ ಸಾಕ್ಷ್ಯದಲ್ಲಿ ಗಟ್ಟಿ ಆಧಾರ ಸಿಕ್ಕರೆ ಅದು ಬೇರೆ ಮಾತು.

ಏನು ಮಾಡಬೇಕು?

ದೂರುದಾರರಾಗಿದ್ದರೆ: ಚಾರ್ಜ್‌ಶೀಟ್ ಪ್ರತಿ ತೆಗೆಸಿ ನೋಡಿ. ಹೆಸರು ಕೈಬಿಟ್ಟಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಆಗಲೇ ಆಕ್ಷೇಪಣೆ ಹೇಳಲು ಅವಕಾಶವಿದೆ, ವಿಚಾರಣೆವರೆಗೆ ಕಾಯಬೇಕಿಲ್ಲ. ಸಾಕ್ಷಿ ಹೇಳುವಾಗ ಯಾರು ಏನು ಮಾಡಿದರು ಎಂಬುದನ್ನು ಕಂಡಷ್ಟೇ, ಸ್ಪಷ್ಟವಾಗಿ ಹೇಳಿ.

ಸಮನ್ಸ್ ಬಂದಿದ್ದರೆ: ತಪ್ಪಿಸಿಕೊಳ್ಳಬೇಡಿ, ತಕ್ಷಣ ವಕೀಲರನ್ನು ಕಾಣಿ. ಸಮನ್ಸ್ ಕೊಡುವ ಮೊದಲು ನಿಮ್ಮ ಮಾತು ಕೇಳಲೇಬೇಕೆಂಬ ನಿಯಮವಿಲ್ಲ. ಹೀಗೆ ಸೇರಿಸಿದವರು ಅದೇ ಕೋರ್ಟಿನಲ್ಲಿ ಕೇಸಿನಿಂದ ಬಿಡುಗಡೆ ಕೇಳುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದೇಶವನ್ನು ಮೇಲಿನ ಕೋರ್ಟಿನಲ್ಲೇ ಪ್ರಶ್ನಿಸಬೇಕು: ಮ್ಯಾಜಿಸ್ಟ್ರೇಟ್ ಆದೇಶವಾದರೆ ವಿಜಯಪುರದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ, ಸೆಷನ್ಸ್ ಆದೇಶವಾದರೆ ಹೈಕೋರ್ಟಿನ ಕಲಬುರಗಿ ಪೀಠ.

ವಕೀಲರಿಗೆ ಕೊಡಲು ಹಣ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲದೇ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.