ಮೂಳೆಯೊಳಗೆ ಹುಟ್ಟುವ ನೆತ್ತರು

ನೆತ್ತರು ಹುಟ್ಟುವುದೆಲ್ಲಿ? ಈ ಪ್ರಶ್ನೆಗೆ ವೈದ್ಯರು ಶತಮಾನಗಳ ಕಾಲ ಹೊಟ್ಟೆಯತ್ತಲೇ ಬೊಟ್ಟು ಮಾಡಿದರು. ಗ್ರೀಕ್ ವೈದ್ಯ ಗ್ಯಾಲನ್ ಯಕೃತ್ತು ಎಂದ. ಆಯುರ್ವೇದ ಯಕೃತ್ತಿನ ಜೊತೆಗೆ ಪ್ಲೀಹವನ್ನೂ ಹೆಸರಿಸಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೂ ಮಜ್ಜೆ ಎಂದರೆ ಮೂಳೆಯ ಪೊಳ್ಳು ತುಂಬುವ ಕೊಬ್ಬು ಎಂದೇ ಬಹುತೇಕರ ನಂಬಿಕೆ.

ಆ ನಂಬಿಕೆ ಅಲುಗಿದ್ದು 1868ರಲ್ಲಿ, ಇಂದು ಕಲಿನಿನ್‌ಗ್ರಾಡ್ ಎನಿಸಿಕೊಂಡಿರುವ ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಅಲ್ಲಿನ ರೋಗಶಾಸ್ತ್ರಜ್ಞ ಅರ್ನ್ಸ್ಟ್ ನಾಯ್ಮನ್ ಮನುಷ್ಯರ ಮತ್ತು ಮೊಲಗಳ ಮೂಳೆಗಳಿಂದ ಮಜ್ಜೆಯ ರಸ ಹಿಂಡಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಕಂಡದ್ದು ಕೋಶಕೇಂದ್ರವಿರುವ ಕೆಂಪು ಕಣಗಳು. ನಮ್ಮ ನಾಳಗಳಲ್ಲಿ ಹರಿಯುವ ಬಲಿತ ಕೆಂಪು ಕಣಗಳಿಗೆ ಕೋಶಕೇಂದ್ರ ಇರುವುದಿಲ್ಲ. ಗರ್ಭದಲ್ಲಿ ಬೆಳೆಯುತ್ತಿರುವ ಭ್ರೂಣದ ರಕ್ತದಲ್ಲಷ್ಟೇ ಅಂಥವು ಕಾಣುತ್ತವೆಂದು ಆಗ ತಿಳಿದಿತ್ತು. ಹಾಗಾದರೆ ಬೆಳೆದ ಪ್ರಾಣಿಯ ಮೂಳೆಯಲ್ಲಿ ಈ ಎಳೆಯ ಕಣಗಳಿಗೇನು ಕೆಲಸ? ರಕ್ತದ ಹುಟ್ಟು ಬದುಕಿನುದ್ದಕ್ಕೂ ಅಲ್ಲೇ ನಡೆಯುತ್ತಿದೆ ಎಂದು ನಾಯ್ಮನ್ ತೀರ್ಮಾನಿಸಿದರು. ಅದೇ ವರ್ಷ ಇಟಲಿಯ ಪಾವಿಯಾದಲ್ಲಿ ಇಪ್ಪತ್ತೆರಡರ ಯುವಕ ಜೂಲಿಯೊ ಬಿಝೊಝೆರೊ ಸ್ವತಂತ್ರವಾಗಿ ಇದೇ ಮಾತಿಗೆ ಬಂದು ಮುಟ್ಟಿದ್ದರು.

ಒಪ್ಪಿಗೆ ಸುಲಭದಲ್ಲಿ ಸಿಗಲಿಲ್ಲ. ರಕ್ತದಲ್ಲಿನ ಕಿರುಬಿಲ್ಲೆಗಳೇ (ಪ್ಲೇಟ್‌ಲೆಟ್‌ಗಳೇ) ಬೆಳೆದು ಕೆಂಪು ಕಣಗಳಾಗುತ್ತವೆ ಎಂದು ಪ್ಯಾರಿಸ್‌ನ ಜಾರ್ಜ್ ಆಯೆಮ್ ವಾದಿಸುತ್ತಿದ್ದರು. ನಾಯ್ಮನ್ ಮಾತ್ರ ಇನ್ನೂ ಮುಂದೆ ಹೋದರು: ರಕ್ತದ ಕ್ಯಾನ್ಸರಿನ ರೋಗಿಯೊಬ್ಬರ ಮಜ್ಜೆ ಕೆಂಪು ಬಣ್ಣ ಕಳೆದುಕೊಂಡದ್ದನ್ನು ಕಂಡು, ಆ ರೋಗದ ಬೇರೂ ಮೂಳೆಯಲ್ಲಿರಬಹುದು ಎಂದರು. ಎಲ್ಲ ರಕ್ತಕಣಗಳಿಗೂ ಒಂದೇ ಬಗೆಯ ಮೂಲಕೋಶ ಎಂಬ ವಿಚಾರವನ್ನೂ ಕೊನೆಗಾಲದಲ್ಲಿ ಮುಂದಿಟ್ಟರು. ಕಣ್ಣಿಗೆ ಕಂಡದ್ದರಿಂದ ಕಾಣದ್ದನ್ನು ಇಷ್ಟು ದೂರ ಊಹಿಸಿದ ಈ ಮನುಷ್ಯನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

ಆ ಊಹೆಯ ಪರೀಕ್ಷೆಗೆ ದಾರಿಯಾದದ್ದು ಅಣುಬಾಂಬಿನ ಭೀಕರತೆ. 1945ರ ಹಿರೋಶಿಮಾದಲ್ಲಿ ಸ್ಫೋಟದಿಂದ ಪಾರಾದ ಅನೇಕರು ವಾರಗಳ ನಂತರ ರಕ್ತಸ್ರಾವ, ಸೋಂಕುಗಳಿಂದ ಸತ್ತರು. ವಿಕಿರಣ ಅವರ ಮಜ್ಜೆಯನ್ನು ಸುಟ್ಟಿತ್ತು. ವಿಕಿರಣ ತಾಗಿದ ದೇಹವನ್ನು ಉಳಿಸುವುದು ಹೇಗೆಂದು ಹಲವು ದೇಶಗಳ ಪ್ರಯೋಗಾಲಯಗಳು ಹುಡುಕತೊಡಗಿದವು.

ಟೊರೊಂಟೊದಲ್ಲಿ ಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕಲಕ್, ಸಾಯುವಷ್ಟು ವಿಕಿರಣ ಕೊಟ್ಟ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆ ಚುಚ್ಚಿದರು. ಸುಮಾರು ಹತ್ತು ದಿನಗಳಲ್ಲಿ ಅವುಗಳ ಪ್ಲೀಹದ ಮೇಲೆ ಗಂಟುಗಳೆದ್ದವು. ಚುಚ್ಚಿದ ಕೋಶಗಳು ಹೆಚ್ಚಿದಂತೆ ಗಂಟುಗಳೂ ಅದೇ ಲೆಕ್ಕದಲ್ಲಿ ಹೆಚ್ಚಿದವು. ಒಂದೊಂದು ಗಂಟಿನಲ್ಲಿ ಹಲವು ಬಗೆಯ ರಕ್ತಕಣಗಳಿದ್ದವು. 1961ರಲ್ಲಿ ಇದು ಪ್ರಕಟವಾಯಿತು. ಒಂದು ಗಂಟಿನ ಕಣಗಳೆಲ್ಲ ಒಂದೇ ಕೋಶದ ಸಂತಾನ ಎಂಬುದನ್ನು 1963ರಲ್ಲಿ ಆಂಡ್ರ್ಯೂ ಬೆಕರ್ ಜೊತೆಗೂಡಿ ವರ್ಣತಂತುಗಳ ಗುರುತಿನಿಂದ ತೋರಿಸಿದರು. ನಾಯ್ಮನ್ ಊಹಿಸಿದ್ದ ಮೂಲಕೋಶಕ್ಕೆ ಹೀಗೆ ಸಾಕ್ಷಿ ಸಿಕ್ಕಿತು.

ಅದರಿಂದ ಇಪ್ಪತ್ತು ವರ್ಷಕ್ಕೆ, 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಇಲಿಗಳಿಗೆ ಮಾಡಿದಂತೆ ಒಬ್ಬರ ಮಜ್ಜೆಯನ್ನು ಇನ್ನೊಬ್ಬರಿಗೆ ಕೊಡುವ ಭಾರತದ ಮೊದಲ ಮಜ್ಜೆ ಕಸಿ ನಡೆಯಿತು.