ಪ್ಯಾರಿಸ್ಸಿನ ಪಾಂಥಿಯಾನೂ ನಮ್ಮ ಸೀಮೆಯ ಸಮಾಧಿಗಳೂ

ತುರುಗಾಳಗದಲ್ಲಿ ಮಡಿದ ವೀರನಿಗಾಗಿ, ಕೆಳಗಣ ಪಟ್ಟಿಕೆಯಲ್ಲಿ ಅವನ ಕಾದಾಟವನ್ನೂ, ನಡುವಣದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುವುದನ್ನೂ, ಮೇಲಣದರಲ್ಲಿ ಅವನು ಶಿವಸನ್ನಿಧಿಯನ್ನು ಸೇರಿದುದನ್ನೂ ಕಂಡರಿಸಿದ ಕಲ್ಲೊಂದನ್ನು ಅವನ ಊರಿನಲ್ಲಿಯೇ ನಿಲ್ಲಿಸುವ ಪದ್ಧತಿ ಕನ್ನಡನಾಡಿನಲ್ಲಿ ಶತಮಾನಗಳ ಕಾಲ ನಡೆದುಬಂದಿತು. ಇಂತಹ ಕಲ್ಲುಗಳ ನಡುವೆ, ಹೊಳಲ್ಕೆರೆ ಚಿತ್ರದುರ್ಗಗಳ ಸೀಮೆಯಲ್ಲಿ ಬೆಳೆದವರಿಗೆ, ನಾಡಿನ ಹಿರಿಯರನ್ನೆಲ್ಲ ರಾಜಧಾನಿಯ ಒಂದೇ ಸೂರಿನಡಿಗೆ ತಂದು ಮಲಗಿಸುವ ಪ್ಯಾರಿಸ್ಸಿನ ಪಾಂಥಿಯಾನಿನ ವೃತ್ತಾಂತವು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ಆ ಕಟ್ಟಡ ಹುಟ್ಟಿದ್ದು ಹರಕೆಯಿಂದ. 1744ರಲ್ಲಿ ಮೆಟ್ಸ್ ಪಟ್ಟಣದಲ್ಲಿ ರೋಗಪೀಡಿತನಾಗಿ ಮಲಗಿದ್ದ ಹದಿನೈದನೆಯ ಲೂಯಿ ದೊರೆ, ತಾನು ಬದುಕಿದರೆ ಪ್ಯಾರಿಸ್ಸಿನ ರಕ್ಷಕಿಯಾದ ಸಂತ ಜೆನವೀವಳಿಗೆ ಹೊಸ ದೇವಾಲಯವನ್ನು ಕಟ್ಟಿಸುವೆನೆಂದು ಹರಕೆ ಹೊತ್ತನು, ಬದುಕಿದನು. ವಾಸ್ತುಶಿಲ್ಪಿ ಸೂಫ್ಲೋ, ಗ್ರೀಕ್ ರೋಮನ್ ದೇಗುಲಗಳ ಸ್ತಂಭಗಾಂಭೀರ್ಯವನ್ನು ಮುಖಮಂಟಪದಲ್ಲಿಯೂ ಗಾಥಿಕ್ ಶಿಲ್ಪಿಗಳ ಲಾಘವವನ್ನು ಒಳಗಣ ಕಟ್ಟಡದಲ್ಲಿಯೂ ಒಂದುಗೂಡಿಸಲು ಹೊರಟು, ಕೆಲಸ ಮುಗಿಯುವ ಮುನ್ನವೇ 1780ರಲ್ಲಿ ತೀರಿಕೊಂಡನು. 1790ರಲ್ಲಿ ಗುಡಿ ಸಿದ್ಧವಾಗುವ ಹೊತ್ತಿಗೆ ದೊರೆಗಳ ಕಾಲವೇ ಮುಗಿಯುತ್ತ ಬಂದಿದ್ದಿತು.

1791ರ ಏಪ್ರಿಲಿನಲ್ಲಿ ಕ್ರಾಂತಿಯ ವಾಗ್ಮಿ ಮಿರಾಬೋ ಮೃತನಾದಾಗ, ರಾಷ್ಟ್ರಸಭೆಯು ಈ ಗುಡಿಯನ್ನು ಮಹಾಪುರುಷರ ಸಮಾಧಿಮಂದಿರವೆಂದು ಘೋಷಿಸಿ ಅವನನ್ನು ಅಲ್ಲಿರಿಸಿತು. ಸ್ಮಶಾನೋಚಿತವಾದ ಗಾಂಭೀರ್ಯ ಬರಲೆಂದು ಸೂಫ್ಲೋ ತೆರೆದಿದ್ದ ಕೆಳಗಣ ಕಿಟಕಿಗಳನ್ನು ಮುಚ್ಚಿಸಿದರು. ಬೆಳಕಿಗಾಗಿ ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ಊಹಿಸಲಾರೆ. ಅದೇ ಜುಲೈಯಲ್ಲಿ ವಾಲ್ಟೇರನ ಅಸ್ಥಿಗಳು ಮೆರವಣಿಗೆಯಲ್ಲಿ ಬಂದವು, 1794ರಲ್ಲಿ ರೂಸೋವಿನವು. ಬದುಕಿರುವಾಗ ಒಬ್ಬರನ್ನೊಬ್ಬರು ಸಹಿಸದಿದ್ದ ಈ ಇಬ್ಬರೂ ಇಂದು ನೆಲಮಾಳಿಗೆಯಲ್ಲಿ ಎದುರುಬದುರಾಗಿದ್ದಾರೆ. ಆದರೆ ಮಿರಾಬೋ ದೊರೆಯೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದ್ದನೆಂಬುದು ಬಯಲಾದುದರಿಂದ ಅವನನ್ನು ಹೊರಹಾಕಿದರು. ಅವನಿಗೆ ಪ್ರತಿಯಾಗಿ ಬಂದ ಕ್ರಾಂತಿಕಾರಿ ಮರಾನನ್ನೂ ಕೆಲವೇ ತಿಂಗಳುಗಳಲ್ಲಿ ಹೊರಗೆ ಸಾಗಿಸಿದರು. ಬಾಡಿಗೆಯ ಮನೆಯಲ್ಲಿಯೂ ಒಕ್ಕಲೆಬ್ಬಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಅವಧಿ ದೊರೆಯುವುದುಂಟು!

ಅನಂತರ ನೆಪೋಲಿಯನ್ನನು 1806ರಲ್ಲಿ ಅದನ್ನು ಚರ್ಚಿಗೆ ಮರಳಿಸಿದನು. 1830ರಲ್ಲಿ ಮತ್ತೆ ಸ್ಮಾರಕವಾಯಿತು, 1851ರಲ್ಲಿ ಮತ್ತೆ ಚರ್ಚಾಯಿತು. 1885ರಲ್ಲಿ ವಿಕ್ಟರ್ ಹ್ಯೂಗೋವಿನ ಶವಯಾತ್ರೆಯ ನಿಮಿತ್ತವಾಗಿ ಸಮಾಧಿಮಂದಿರವೇ ಸ್ಥಿರವಾಗಿ ಉಳಿಯಿತು. ವಿಜ್ಞಾನಿ ಮೇರಿ ಕ್ಯೂರಿ ಸ್ವಂತ ಯೋಗ್ಯತೆಯಿಂದ ಅಲ್ಲಿ ಸ್ಥಳ ಪಡೆದ ಮೊದಲ ಸ್ತ್ರೀಯೆನಿಸಿಕೊಳ್ಳುವುದಕ್ಕೆ 1995ರವರೆಗೆ ಕಾಯಬೇಕಾಯಿತು. 2009ರಲ್ಲಿ ಸಾಹಿತಿ ಆಲ್ಬೇರ್ ಕಮೂನನ್ನೂ ಅಲ್ಲಿಗೆ ಒಯ್ಯಬೇಕೆಂದು ರಾಷ್ಟ್ರಾಧ್ಯಕ್ಷರು ಬಯಸಿದಾಗ ಅವನ ಮಗನು ಒಪ್ಪಲಿಲ್ಲ. ಕಮೂ ಈಗಲೂ ದಕ್ಷಿಣದ ಲೂರ್ಮರೆಂ ಎಂಬ ಹಳ್ಳಿಯಲ್ಲಿಯೇ ಇದ್ದಾನೆ.

ಆ ಮಗನ ಹಟವು ನಮ್ಮವರಿಗೆ ಸುಲಭವಾಗಿ ಅರ್ಥವಾಗುವಂಥದು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿ, ಯೋಗ, ಆಯುರ್ವೇದ, ವಿದ್ಯಾದಾನಗಳಲ್ಲಿ ಆಯುಷ್ಯವನ್ನು ಸವೆಸಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮಿಗಳು 1996ರಲ್ಲಿ ದೇಹವಿಟ್ಟರು. ಅವರ ನೆನಪಿನ ನೆಲ ಆ ಆಶ್ರಮವೇ. 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ವಕೀಲಿ ಮಾಡಿ, ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು 2000ದಲ್ಲಿ ಕಾಲವಾದ ಮೇಲೆ, ಅವರ ಸ್ಮಾರಕವು ಎದ್ದುದು ಚಿತ್ರದುರ್ಗದ ಬಳಿಯ ಸೀಬಾರದಲ್ಲಿ, ಹೆದ್ದಾರಿಯ ಬದಿಯಲ್ಲಿ. ಬೆಂಗಳೂರಿನಲ್ಲಿ ಎಲ್ಲ ಹಿರಿಯರಿಗೂ ಒಂದೇ ಮಂದಿರ ಬೇಕೆಂದು ನಮ್ಮ ಕಡೆಯವರು ಹಟ ಹಿಡಿದುದನ್ನು ನಾನಂತೂ ಕೇಳಿಲ್ಲ. ಯಾರನ್ನು ಒಳಕ್ಕೆ ಬಿಡಬೇಕು, ಯಾರನ್ನು ಹೊರಗೆ ಕಳುಹಿಸಬೇಕು ಎಂಬ ವ್ಯಾಜ್ಯವೂ ಅಷ್ಟರಮಟ್ಟಿಗೆ ತಪ್ಪಿದೆ.