ವಿಜ್ಞಾನಕ್ಕೆ ರಾಷ್ಟ್ರಗಳ ವ್ಯಯ

ಸೌದೆಯನ್ನೂ ಹೊಗೆಯನ್ನೂ ತಗ್ಗಿಸಿದ ‘ಅಸ್ತ್ರ ಒಲೆ’ಯು ವಾನಳ್ಳಿಯಂತಹ ಮಲೆನಾಡಿನ ಊರುಗಳಿಗೆ ಅಪರಿಚಿತವಲ್ಲ. ಅದನ್ನು ರೂಪಿಸಿದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸಂಶೋಧನೆಗೆ ಸುರಿದ ಹಣವು ಅಡಿಗೆಮನೆಯವರೆಗೂ ಬರುವುದುಂಟು.

1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ವಾರ್ಷಿಕ ವೆಚ್ಚವನ್ನು ಹೊತ್ತವರಾರು? 1904ರಲ್ಲಿಯೇ ದಿವಂಗತರಾಗಿದ್ದ ಜಮ್ಷೇಡ್‌ಜಿ ಟಾಟಾ ಅವರ ದತ್ತಿಯಿಂದ 1,25,000 ರೂಪಾಯಿ. ಮೈಸೂರು ಸಂಸ್ಥಾನದಿಂದ 50,000. ಹಿಂದೂಸ್ಥಾನವನ್ನೆಲ್ಲ ಆಳುತ್ತಿದ್ದ ಬ್ರಿಟಿಷ್ ಸರಕಾರದಿಂದ 87,500. ಎಂದರೆ ಒಬ್ಬ ವರ್ತಕನೂ ಒಂದು ಸಂಸ್ಥಾನವೂ ಕೂಡಿ ಕೊಟ್ಟುದರಲ್ಲಿ ಸರಿಯಾಗಿ ಅರ್ಧವನ್ನು ಮಾತ್ರ ಚಕ್ರಾಧಿಪತ್ಯವು ಕೊಟ್ಟಿತು! ಮೈಸೂರಾದರೋ 371 ಎಕರೆ ಭೂಮಿಯನ್ನೂ ಕಟ್ಟಡಕ್ಕೆಂದು 5 ಲಕ್ಷ ರೂಪಾಯಿಗಳನ್ನೂ ಬೇರೆಯಾಗಿ ದಾನಮಾಡಿದ್ದಿತು.

2020-21ರಲ್ಲಿ ಸ್ವತಂತ್ರ ಭಾರತವು ಸಂಶೋಧನೆಗೆ ವ್ಯಯಿಸಿದುದು ಸುಮಾರು 1,27,000 ಕೋಟಿ ರೂಪಾಯಿ. ಸಂಖ್ಯೆಯೇನೋ ದೊಡ್ಡದು, ಆದರೆ ರಾಷ್ಟ್ರೋತ್ಪನ್ನದ ನೂರು ರೂಪಾಯಿಗೆ ಅದು 64 ಪೈಸೆ. ಆ ಕಾಲಕ್ಕೆ ಚೀನವು ನೂರಕ್ಕೆ 2ಕ್ಕಿಂತಲೂ, ದಕ್ಷಿಣ ಕೊರಿಯವು 4ಕ್ಕಿಂತಲೂ ಹೆಚ್ಚು ವಿನಿಯೋಗಿಸುತ್ತಿದ್ದವು. ಕೊರಿಯದ ವ್ಯಯದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕುದು ಉದ್ಯಮಗಳ ಹಣ. ಭಾರತದಲ್ಲಿ ಸಿರಿವಂತರು ಅಂದಿಗಿಂತ ಕಡಮೆಯಾಗಿಲ್ಲ. ಆದರೂ ಬೆಂಗಳೂರಿನ ಸಂಸ್ಥೆಯಲ್ಲಿ ಒಬ್ಬ ವರ್ತಕನ ಪಾಲೇ ಅರ್ಧಕ್ಕೆ ಸಮೀಪಿಸಿದ್ದರೆ, 2020-21ರಲ್ಲಿ ದೇಶದ ಖಾಸಗಿ ಉದ್ಯಮಗಳೆಲ್ಲವೂ ಕೂಡಿ ಹೊತ್ತುದು ಶೇಕಡ 36ರಷ್ಟು.